ಏದುಸಿರಿನಲ್ಲಿ ದೋಣಿಗೆ ಬಂದ ಈಜುಗಾರರು: ನನ್ನ ಅನುಭವ

ಕೆರೆ, ನದಿ, ಸಮುದ್ರದಲ್ಲಿ ನಡೆಯುವ ಈಜು ಸ್ಪರ್ಧೆಗಳಲ್ಲಿ ನಾನು ವೈದ್ಯನಾಗಿ ಕೆಲಸ ಮಾಡುತ್ತೇನೆ. ಏದುಸಿರು ಬಿಡುತ್ತಾ ದೋಣಿಗೆ ಬಂದವರನ್ನು ಮೊದಲು ಕೇಳುವುದು ಒಂದೇ ಮಾತು: ನೀರು ಕುಡಿದಿರಾ? "ಇಲ್ಲ, ಚೆನ್ನಾಗೇ ಈಜ್ತಾ ಇದ್ದೆ, ಇದ್ದಕ್ಕಿದ್ದ ಹಾಗೆ ಉಸಿರು ಸಾಲದಾಯ್ತು, ಕೆಮ್ಮು ಶುರುವಾಯ್ತು" ಅಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಪಕ್ಕದಲ್ಲಿ ಯಾರೋ "ಸುಮ್ನೆ ಗಾಬರಿ, ಏನಾಗಲ್ಲ" ಅಂತ ಬೆನ್ನು ತಟ್ಟುತ್ತಿರುತ್ತಾರೆ. ಉಸಿರು ಸಿಗದಿದ್ದರೆ ಗಾಬರಿ ಆಗದೆ ಇರುತ್ತದಾ? ಆದರೆ ಬರೀ ಗಾಬರಿಗೆ ಎದೆಯಲ್ಲಿ ಗೊರಗೊರ ಸದ್ದು ಬರುವುದಿಲ್ಲ. ಕಫದಲ್ಲಿ ಗುಲಾಬಿ ಬಣ್ಣದ ನೊರೆಯೂ ಬರುವುದಿಲ್ಲ.

ಇದಕ್ಕೆ ನಾವು ಸೈಪ್ (SIPE), ಅಂದರೆ ಈಜಿನಿಂದ ಶ್ವಾಸಕೋಶದಲ್ಲಿ ದ್ರವ ತುಂಬುವುದು, ಅನ್ನುತ್ತೇವೆ. ಹೊರಗಿನ ನೀರು ಒಳಗೆ ಹೋಗಿರುವುದಿಲ್ಲ, ಮೈಯೊಳಗಿನ ದ್ರವವೇ ಶ್ವಾಸಕೋಶಕ್ಕೆ ಜಿನುಗಿರುತ್ತದೆ. ತಣ್ಣೀರಿಗೆ ಕೈಕಾಲಿನ ರಕ್ತನಾಳಗಳು ಕುಗ್ಗುತ್ತವೆ, ಸುತ್ತಲಿನ ನೀರೂ ಒತ್ತುತ್ತದೆ, ರಕ್ತವೆಲ್ಲ ಎದೆಯ ಕಡೆ ನುಗ್ಗುತ್ತದೆ, ಅದರ ಮೇಲೆ ಈಜಿನ ಶ್ರಮ ಬೇರೆ, ಹೀಗಾಗಿ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಒತ್ತಡ ಏರಿ ದ್ರವ ಸೋರುತ್ತದೆ. ಬಿಗಿಯಾದ ವೆಟ್‌ಸೂಟ್ (ತಣ್ಣೀರಿನಲ್ಲಿ ಈಜುವಾಗ ತೊಡುವ ರಬ್ಬರಿನಂಥ ಉಡುಪು), ಬಿಪಿ, ವಯಸ್ಸು, ಹಿಂದೆ ಒಮ್ಮೆ ಹೀಗೆ ಆಗಿದ್ದು, ಇವೆಲ್ಲ ಅಪಾಯ ಹೆಚ್ಚಿಸುತ್ತವೆ.

ಈಜು ಅಲ್ಲಿಗೇ ನಿಲ್ಲಬೇಕು. ಇನ್ನು ಸ್ವಲ್ಪ ದೂರ ಅಷ್ಟೇ ಅಂತ ಎಷ್ಟು ಬೇಡಿಕೊಂಡರೂ ನಾನು ಬಿಡುವುದಿಲ್ಲ. ಮೇಲೆತ್ತುವಾಗ ಒಂದು ಗೊಂದಲ ಬರುತ್ತದೆ. ತುಂಬಾ ಹೊತ್ತು ತಣ್ಣೀರಿನಲ್ಲಿದ್ದವರನ್ನು ನೆಟ್ಟಗೆ ಎಳೆದರೆ ಬಿಪಿ ಕುಸಿಯಬಹುದು, ಅದಕ್ಕೇ ಆದಷ್ಟು ಅಡ್ಡಲಾಗಿ ಎತ್ತಿ ಅಂತಾರೆ. ಆದರೆ ಶ್ವಾಸಕೋಶದಲ್ಲಿ ದ್ರವ ಇರುವವರನ್ನು ಮಲಗಿಸಿದರೆ ಉಸಿರು ಇನ್ನೂ ಕಟ್ಟುತ್ತದೆ. ನಾನು ಮಾಡುವುದು ಹೀಗೆ: ಎತ್ತುವುದು ಅಡ್ಡಲಾಗಿ, ದೋಣಿಯೊಳಗೆ ಬಂದ ಮೇಲೆ ಎಚ್ಚರವಿದ್ದು ಮಾತಾಡುತ್ತಿದ್ದರೆ ಕೂರಿಸುವುದು, ಮಂಕಾಗಿದ್ದರೆ ಅಥವಾ ತಲೆ ಸುತ್ತುತ್ತಿದ್ದರೆ ಮಲಗಿಸುವುದು. ಆಮೇಲೆ ವೆಟ್‌ಸೂಟಿನ ಜಿಪ್ ಎಳೆದು ಎದೆ ಸಡಿಲ ಮಾಡುತ್ತೇನೆ. ಎಷ್ಟೋ ಜನಕ್ಕೆ ಅಷ್ಟರಿಂದಲೇ ಸ್ವಲ್ಪ ಹಗುರಾಗುತ್ತದೆ. ಒದ್ದೆ ತೆಗೆದು ಕಂಬಳಿ ಹೊದಿಸಿ ಮಾಸ್ಕಿನಲ್ಲಿ ಆಕ್ಸಿಜನ್ ಕೊಡುತ್ತೇನೆ.

ಆಕ್ಸಿಮೀಟರನ್ನು ಮರಗಟ್ಟಿದ ಬೆರಳಿಗೆ ಹಾಕಿ ನಂಬಬೇಡಿ. ಕಿವಿ ಅಥವಾ ಹಣೆಗೆ ಹಾಕುವ ಸೆನ್ಸರ್ ಇದ್ದರೆ ವಾಸಿ. ಇಲ್ಲದಿದ್ದರೆ ಉಸಿರಿನ ವೇಗ ಎಣಿಸಿ, ಒಂದು ವಾಕ್ಯ ಪೂರ್ತಿ ಹೇಳಲು ಆಗುತ್ತದಾ ನೋಡಿ, ಎದೆಗೆ ಸ್ಟೆತಸ್ಕೋಪ್ ಇಡಿ.

ಆಕ್ಸಿಜನ್‌ನಿಂದ ಸುಧಾರಿಸದಿದ್ದರೆ, ಎಚ್ಚರ ಚೆನ್ನಾಗಿದ್ದು ವಾಂತಿ ಇಲ್ಲದಿದ್ದರೆ, ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್ ಹಾಕುತ್ತೇನೆ. ಆ ಒತ್ತಡಕ್ಕೆ ಶ್ವಾಸಕೋಶದ ಗಾಳಿಗೂಡುಗಳು ತೆರೆದುಕೊಳ್ಳುತ್ತವೆ. ಸ್ವೀಡನ್ನಿನ ವಾನ್ಸ್‌ಬ್ರೋ ನದಿ ಈಜಿನಲ್ಲಿ ವೈದ್ಯರು ದಡದಲ್ಲೇ ಈ ಚಿಕಿತ್ಸೆ ಕೊಟ್ಟಿದ್ದಾರೆ, ಬಹುಪಾಲು ಜನ ಅಲ್ಲೇ ಚೇತರಿಸಿಕೊಂಡಿದ್ದಾರೆ. ಮೂತ್ರ ಹೋಗಿಸುವ ಫ್ಯೂರೊಸೆಮೈಡ್ ಇಂಜೆಕ್ಷನ್ನಿಗೆ ಅನೇಕರ ಕೈ ತಾನಾಗಿ ಹೋಗುತ್ತದೆ. ನಾನು ಅವಸರ ಮಾಡಲ್ಲ. ಈಜಿ ಬಂದವರ ಮೈಯಲ್ಲಿ ನೀರಿನಂಶ ಮೊದಲೇ ಕಡಿಮೆ ಇರಬಹುದು. ಅಸ್ತಮಾ ಇದ್ದು ಸುಯ್ ಸುಯ್ ಸದ್ದು ಬರುತ್ತಿದ್ದರೆ ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಕೊಡಲೇಬೇಕು, ಅದು ಬೇರೆ ಮಾತು.

ನೀರಿಗಿಳಿದ ಮೊದಲ ಒಂದೆರಡು ನಿಮಿಷದಲ್ಲೇ ಉಸಿರು ಕೈಮೀರಿದರೆ ಅದು ಹೆಚ್ಚಾಗಿ ತಣ್ಣೀರಿನ ಆಘಾತ. ಬೆನ್ನ ಮೇಲೆ ತೇಲಲು ಹೇಳಿ, ಇಳಿಯುತ್ತದೆ.

ಮುಳುಗಿ ಎಚ್ಚರ ತಪ್ಪಿ ಉಸಿರು ನಿಂತಿದ್ದರೆ ಲೆಕ್ಕವೇ ಬೇರೆ. ಅಲ್ಲಿ ಕೊರತೆ ಆಕ್ಸಿಜನ್ನಿನದು, ಹಾಗಾಗಿ ಮೊದಲು 5 ಸಲ ಉಸಿರು ಕೊಡುತ್ತೇನೆ, ಆಮೇಲೆ ಎದೆಯ 30 ಒತ್ತುವಿಕೆಗೆ 2 ಉಸಿರು. ಬಾಯಿಂದ ನೊರೆ ಉಕ್ಕುತ್ತಲೇ ಇರುತ್ತದೆ. ಅದನ್ನು ಒರೆಸುತ್ತಾ ಕೂತರೆ ಸಮಯ ಹೋಗುತ್ತದೆ, ನೊರೆಯ ಮೇಲೆಯೇ ಉಸಿರು ಕೊಡಿ. ಹೊಟ್ಟೆ ಅದುಮಿ ನೀರು ತೆಗೆಯುವುದು ಖಂಡಿತ ಬೇಡ, ವಾಂತಿಯಾಗಿ ಅದೇ ಶ್ವಾಸಕೋಶಕ್ಕೆ ಹೋಗುತ್ತದೆ.

ನೀರು ಕುಡಿದು ಕೆಮ್ಮುತ್ತಿರುವವರನ್ನು "ಈಗ ಪರವಾಗಿಲ್ಲ" ಅಂದ ತಕ್ಷಣ ಮನೆಗೆ ಕಳಿಸುವುದಿಲ್ಲ, ಕೆಲವು ಗಂಟೆ ಆಸ್ಪತ್ರೆಯಲ್ಲಿ ಇರಲಿ ಅಂತೀನಿ. ಸೈಪ್ ಆದವರು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಸರಿಹೋಗುತ್ತಾರೆ, ಆದರೆ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಅದಕ್ಕೇ ಬಿಪಿ ನೋಡಿಸಿ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ, ಆಮೇಲೇ ನೀರಿಗಿಳಿಯಿರಿ ಅಂತ ಚೀಟಿಯಲ್ಲೇ ಬರೆದು ಕೊಡುತ್ತೇನೆ.