ಮರದ ನೆರಳಿನಲ್ಲಿ ವಸಂತದ ಮೊದಲ ಹೂಗಳು

ಮರದಡಿ ನೆರಳಿದೆ, ಅಲ್ಲಿ ಹೂ ಬರುವುದಿಲ್ಲ ಎಂದು ಆ ಜಾಗವನ್ನು ಪಾಳು ಬಿಡುವವರೇ ಹೆಚ್ಚು. ಆದರೆ ಚಳಿ ಪ್ರದೇಶದ ತೋಟಗಳಲ್ಲಿ ನೆಲದೊಳಗಿನ ಗೆಡ್ಡೆಯಿಂದ ಚಿಗುರುವ ಪುಟ್ಟ ಹೂಗಿಡಗಳಾದ ಸ್ನೋಡ್ರಾಪ್, ವಿಂಟರ್ ಅಕೊನೈಟ್, ಅನಿಮೋನ್, ಸೈಕ್ಲಮೆನ್‌ಗಳಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮರ ಚಿಗುರುವ ಮುನ್ನ, ಬೋಳು ಕೊಂಬೆಗಳ ನಡುವೆ ಇಳಿಯುವ ಬಿಸಿಲಿನಲ್ಲೇ ಇವು ಹೂ ಬಿಟ್ಟು, ಬೇಸಿಗೆಯನ್ನು ನೆಲದೊಳಗೆ ಕಳೆಯುತ್ತವೆ.

ಆದ್ದರಿಂದ ಮೊದಲು ನೋಡಬೇಕಾದದ್ದು ಜಾಗ. ಎಲೆ ಉದುರಿಸುವ ಮರದ ಬುಡ ಆಗಬಹುದು. ಚಳಿಗಾಲದಲ್ಲೂ ಎಲೆ ತುಂಬಿರುವ ಮರದ ಕತ್ತಲೆ ಬೇಡ. ನೀರು ನಿಲ್ಲುವ ಕಡೆಯೂ ಬೇಡ, ಗೆಡ್ಡೆ ಕೊಳೆಯುತ್ತದೆ. ಬೇರುಗಳಿಗೆ ಪೆಟ್ಟಾಗದಂತೆ ಮಣ್ಣನ್ನು ಮೇಲೆ ಮೇಲೆ ಸಡಿಲಿಸಿ, ಚೆನ್ನಾಗಿ ಕೊಳೆತ ಎಲೆಗೊಬ್ಬರ ಬೆರೆಸಿ.

ನೆಡುವ ಕಾಲ ಶರತ್ಕಾಲ. ಅನಿಮೋನ್ ಗೆಡ್ಡೆ ಒಣಗಿದ ಮಣ್ಣಿನ ಹೆಂಟೆಯಂತಿರುತ್ತದೆ; ಯಾವುದು ಮೇಲು, ಯಾವುದು ಕೆಳಗು ತಿಳಿಯುವುದಿಲ್ಲ. ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಅಡ್ಡಲಾಗಿ ಮಲಗಿಸಿ ಸುಮಾರು 5 ಸೆಂ.ಮೀ. ಆಳದಲ್ಲಿ ನೆಟ್ಟರೆ ಮೊಳಕೆ ತಾನೇ ಮೇಲೇಳುತ್ತದೆ. ಅಕೊನೈಟ್‌ಗೂ ಇದೇ ಕ್ರಮ. ಸೈಕ್ಲಮೆನ್‌ನ ಚಪ್ಪಟೆ ಗೆಡ್ಡೆಯಲ್ಲಿ ಮೊಗ್ಗಿನ ಗುರುತಿರುವ ಭಾಗ ಮೇಲಿರಲಿ, ಮೇಲೆ ತೆಳುವಾಗಿ ಮಣ್ಣು ಮುಚ್ಚಿದರೆ ಸಾಕು.

ಸ್ನೋಡ್ರಾಪ್‌ನ ವಿಷಯ ಬೇರೆ. ಒಣಗಿದ ಗೆಡ್ಡೆ ಎಷ್ಟೋ ಸಲ ಏಳುವುದೇ ಇಲ್ಲ. ಹೂ ಮುಗಿದು ಎಲೆ ಹಸಿರಾಗಿರುವಾಗಲೇ ದಟ್ಟ ಗುಂಪನ್ನು ಅಗೆದು, ಕೈಯಿಂದ ಬಿಡಿಸಿ, ತಡ ಮಾಡದೆ ಬೇರೆಡೆ ನೆಡುವುದೇ ಉತ್ತಮ. ಎಲೆಯ ಬುಡದ ಬಿಳುಪು ಮುಗಿದು ಹಸಿರು ಶುರುವಾಗುವ ಗೆರೆಯೇ ಹಿಂದಿನ ನೆಲಮಟ್ಟ; ಮತ್ತೆ ಅಷ್ಟೇ ಆಳಕ್ಕೆ ಇಡಿ. ಈ ನಾಲ್ಕೂ ಗಿಡಗಳು ವಿಷಕಾರಿಯಾದ್ದರಿಂದ ಕೈಗವಸು ಹಾಕಿಕೊಳ್ಳಿ, ಮಕ್ಕಳ ಕೈಗೆ ಗೆಡ್ಡೆ ಸಿಗದಂತೆ ನೋಡಿಕೊಳ್ಳಿ.

ಹೂ ಬಾಡಿದ ಮೇಲೆ ಎಲೆ ಕತ್ತರಿಸುವ ಆತುರವೇ ಮುಂದಿನ ವರ್ಷದ ಹೂವನ್ನು ಹಾಳುಮಾಡುವುದು. ಅವು ಹಳದಿಯಾಗಿ ತಾವೇ ಒಣಗುವವರೆಗೆ ಗೆಡ್ಡೆಗೆ ಆಹಾರ ಕೂಡಿಡುತ್ತಿರುತ್ತವೆ. ದಯವಿಟ್ಟು ಮುಟ್ಟಬೇಡಿ, ಹುಲ್ಲು ಕತ್ತರಿಸುವ ಯಂತ್ರವನ್ನೂ ಅತ್ತ ಒಯ್ಯಬೇಡಿ.

ಸೈಕ್ಲಮೆನ್ ಹೂ ಉದುರಿದ ಮೇಲೆ ಅದರ ತೊಟ್ಟು ಸುರುಳಿ ಸುತ್ತಿಕೊಂಡು ಕಾಯಿಯನ್ನು ನೆಲಕ್ಕೆ ಇಳಿಸುತ್ತದೆ. ಬೀಜದ ಮೇಲಿನ ಸಿಹಿ ಅಂಟಿನ ಆಸೆಗೆ ಇರುವೆಗಳು ಅದನ್ನು ಹೊತ್ತೊಯ್ಯುತ್ತವೆ. ತಾಯಿಗಿಡದಿಂದ ದೂರದಲ್ಲಿ ಪುಟ್ಟ ದುಂಡನೆಯ ಎಲೆ ಕಂಡರೆ ಕಳೆಯೆಂದು ಕೀಳಬೇಡಿ.