ತಗ್ಗಿಸಿದ ಪಿಕಪ್, ನಡುಗುವ ಶಾಫ್ಟ್

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಮಷೀನ್ ಶಾಪ್ ಇದೆ. ಫೌಂಡ್ರಿಯಿಂದ ತಂದ ಎರಕದ ಬಿಡಿಭಾಗಗಳನ್ನು ಟ್ರಾಲಿಯಲ್ಲಿ ಶೆಡ್ಡಿನ ಕಟ್ಟೆಗೆ ಇಳಿಸುವಾಗ ನನ್ನ ಪಿಕಪ್‌ನ ಹಿಂಬದಿಯ ತಳ ಕಟ್ಟೆಗಿಂತ ಎರಡೂವರೆ ಇಂಚು ಎತ್ತರ ನಿಲ್ಲುತ್ತಿತ್ತು. ಕಟ್ಟೆಯನ್ನೇ ಏರಿಸಬಹುದಿತ್ತಲ್ಲ ಎಂದು ಮಗಳು ಕೇಳಿದ್ದು ನ್ಯಾಯವೇ. ಆದರೆ ಶೆಡ್ಡು ಬಾಡಿಗೆಯದು. ಆದ್ದರಿಂದ ಹಿಂದಿನ ಪಾಟಾಗಳಿಂದ (ಗಾಡಿಯ ಭಾರ ಹೊರುವ ಪಟ್ಟಿ ಸ್ಪ್ರಿಂಗುಗಳಿಂದ) ಒಂದೊಂದು ಪಟ್ಟಿ ತೆಗೆಸಿ, ಉಳಿದವುಗಳ ಕಮಾನು ಇಳಿಸಿ, ಗಾಡಿಯನ್ನು 63 ಮಿ.ಮೀ. ತಗ್ಗಿಸಿದೆ. ಹೊರುವ ಭಾರವನ್ನು ಅಂದಿನಿಂದಲೇ ಕಡಿಮೆ ಮಾಡಿಕೊಂಡೆ.

ಮರುದಿನ ಹೆದ್ದಾರಿಯಲ್ಲಿ ಹಿರೇಬಾಗೇವಾಡಿಯ ಕಡೆಗೆ ಹೊರಟಾಗ, ವೇಗ 60 ಕಿ.ಮೀ. ದಾಟುತ್ತಿದ್ದಂತೆ ಸೀಟಿನ ಕೆಳಗಿನಿಂದ ಗುಂಯ್‌ಗುಡುವ ನಡುಕ ಶುರುವಾಗಿ, 75ರವರೆಗೆ ಹೆಚ್ಚುತ್ತ ಹೋಯಿತು. ಭಾರ ಹೇರಿಕೊಂಡು ವಂಟಮೂರಿ ಘಾಟ್ ಏರುವಾಗ ಇನ್ನೊಂದು ಬಗೆಯ ತೊಂದರೆ ಕಂಡಿತು: ನಿಂತಲ್ಲಿಂದ ಕ್ಲಚ್ ಬಿಟ್ಟು ಹೊರಡುವಾಗ ಇಡೀ ಗಾಡಿ ಒದರಿದಂತೆ ಅದುರುತ್ತಿತ್ತು.

ನಾನು ಮೊದಲು ಮಾಡಿದ್ದೆಲ್ಲ ದಂಡ. ಚಕ್ರಗಳ ಬ್ಯಾಲೆನ್ಸಿಂಗ್ ಮಾಡಿಸಿದೆ, ಟೈರುಗಳನ್ನು ಹಿಂದುಮುಂದು ಬದಲಿಸಿದೆ, ಗೇರ್‌ಬಾಕ್ಸಿನಿಂದ ಹಿಂದಿನ ಅಚ್ಚಿಗೆ ಶಕ್ತಿ ಒಯ್ಯುವ ಎರಡು ತುಂಡಿನ ಶಾಫ್ಟಿನ ಮೂರೂ ಯುಜೆ ಕ್ರಾಸ್‌ಗಳನ್ನು (ಓರೆಯಲ್ಲೂ ತಿರುಗುವ ಕೀಲುಗಳನ್ನು) ಹೊಸದಾಗಿ ಹಾಕಿಸಿದೆ, ಶಾಫ್ಟನ್ನು ಬಿಚ್ಚಿಸಿ ಬ್ಯಾಲೆನ್ಸ್ ಮಾಡಿಸಿದೆ. ನಡುಕ ಒಂದಿಷ್ಟೂ ಕದಲಲಿಲ್ಲ. ಆಮೇಲೆ ಲೆಕ್ಕಕ್ಕೆ ಕುಳಿತೆ. ನನ್ನ ಟೈರಿನ ಸುತ್ತಳತೆ 2.2 ಮೀಟರ್, 65 ಕಿ.ಮೀ. ವೇಗದಲ್ಲಿ ಚಕ್ರವು ಸೆಕೆಂಡಿಗೆ ಸುಮಾರು 8 ಸುತ್ತು ತಿರುಗುತ್ತದೆ. ಹಿಂದಿನ ಅಚ್ಚಿನ ಗೇರ್ ಅನುಪಾತ 4.1 ಆದ್ದರಿಂದ ಶಾಫ್ಟ್ ಸುಮಾರು 34 ಸುತ್ತು ತಿರುಗುತ್ತದೆ. ಮೊಬೈಲನ್ನು ಗಾಡಿಯ ನೆಲಕ್ಕೆ ಅಂಟಿಸಿ ಕಂಪನ ಅಳೆಯುವ ಆ್ಯಪ್‌ನಲ್ಲಿ ನೋಡಿದರೆ ದೊಡ್ಡ ಶಿಖರ ಸೆಕೆಂಡಿಗೆ 67ರ ಆಸುಪಾಸಿನಲ್ಲಿತ್ತು, ಅಂದರೆ ಶಾಫ್ಟಿನ ಒಂದು ಸುತ್ತಿಗೆ ಎರಡು ಸಲ. ಚಕ್ರದ ದೋಷವಾಗಿದ್ದರೆ ಅದು 8ರಲ್ಲಿ, ಶಾಫ್ಟಿನ ತೂಕದ ದೋಷವಾಗಿದ್ದರೆ 34ರಲ್ಲಿ ಕಾಣಬೇಕಿತ್ತು. ಗೇರನ್ನು ನ್ಯೂಟ್ರಲ್‌ಗೆ ತಂದು ಗಾಡಿಯನ್ನು ಹಾಗೆಯೇ ಓಡಲು ಬಿಟ್ಟಾಗಲೂ ನಡುಕ ನಿಲ್ಲದ ಕಾರಣ ಎಂಜಿನ್ನಿನ ಮೇಲಿನ ಅನುಮಾನವೂ ಹೋಯಿತು.

ಸುತ್ತಿಗೆ ಎರಡು ಸಲ ಬರುವ ನಡುಕದ ಮೂಲ ಕ್ರಾಸಿನ ಕೋನದಲ್ಲಿರುತ್ತದೆ. ಕ್ರಾಸ್ ಓರೆಯಾಗಿ ತಿರುಗುವಾಗ ಅದರ ಈಚೆಯ ಶಾಫ್ಟ್ ಒಂದೇ ವೇಗದಲ್ಲಿದ್ದರೂ ಆಚೆಯದು ಪ್ರತಿ ಸುತ್ತಿನಲ್ಲಿ ಎರಡು ಸಲ ಚುರುಕಾಗಿ ಎರಡು ಸಲ ನಿಧಾನವಾಗುತ್ತದೆ. ಇನ್ನೊಂದು ತುದಿಯ ಕ್ರಾಸೂ ಅಷ್ಟೇ ಕೋನದಲ್ಲಿದ್ದು, ಎರಡೂ ಕಡೆಯ ಯೋಕ್‌ಗಳು (ಕ್ರಾಸನ್ನು ಹಿಡಿಯುವ ಕವಲುಗಳು) ಒಂದೇ ಸಾಲಿನಲ್ಲಿದ್ದರೆ ಮೊದಲನೆಯದು ಮಾಡಿದ ಏರುಪೇರನ್ನು ಎರಡನೆಯದು ಅಳಿಸಿಹಾಕುತ್ತದೆ. ಎರಡು ಕೋನಗಳ ನಡುವಿನ ವ್ಯತ್ಯಾಸ ಒಂದು ಡಿಗ್ರಿಯೊಳಗೆ ಇರಬೇಕೆಂಬುದು ರೂಢಿಯ ಲೆಕ್ಕ. ಕೋನ ಸೊನ್ನೆಯಾಗಿರುವುದೂ ಒಳ್ಳೆಯದಲ್ಲ. ಆಗ ಕ್ರಾಸಿನ ಬಟ್ಟಲಿನೊಳಗಿನ ಸೂಜಿ ಬೇರಿಂಗುಗಳು ಅಲುಗದೆ ಒಂದೇ ಜಾಗದಲ್ಲಿ ಒತ್ತಿ ಗುಳಿ ಬೀಳಿಸುತ್ತವೆ.

ಅಳೆಯಲು ಆಯಸ್ಕಾಂತವಿರುವ ಡಿಜಿಟಲ್ ಕೋನಮಾಪಕವನ್ನು ಬಳಸಿದೆ. ಜ್ಯಾಕಿನ ಮೇಲೆ ಅಚ್ಚು ಜೋತುಬಿದ್ದಾಗ ಸಿಗುವ ಸಂಖ್ಯೆಗಳಿಗೆ ಅರ್ಥವಿಲ್ಲ, ಆದ್ದರಿಂದ ಗಾಡಿ ತನ್ನ ಚಕ್ರಗಳ ಮೇಲೆಯೇ ನಿಂತಿರುವಂತೆ ಗುಂಡಿಯ ಮೇಲೆ ನಿಲ್ಲಿಸಿ ಕೆಳಗಿಳಿದೆ. ನೆಲ ಪೂರಾ ಮಟ್ಟಸವಾಗಿರಲೇಬೇಕೆಂದಿಲ್ಲ. ಎಲ್ಲ ಅಳತೆಗಳನ್ನೂ ಗಾಡಿ ಅಲುಗಿಸದೆ ತೆಗೆದರೆ ಸಾಕು, ಏಕೆಂದರೆ ನಮಗೆ ಬೇಕಾದದ್ದು ಅವುಗಳ ನಡುವಿನ ವ್ಯತ್ಯಾಸ. ಹಿಂದಕ್ಕೆ ಇಳಿಜಾರಾಗಿ ನೋಡಿದರೆ ಗೇರ್‌ಬಾಕ್ಸ್ 3.5 ಡಿಗ್ರಿ, ಮುಂದಿನ ಶಾಫ್ಟ್ 4.0, ಹಿಂದಿನ ಶಾಫ್ಟ್ 3.9, ಪಿನಿಯನ್ (ಅಚ್ಚಿನಲ್ಲಿ ಶಾಫ್ಟ್ ಬಂದು ಸೇರುವ ಗೇರು) 7.0 ಇದ್ದವು. ಅಂದರೆ ಎರಡು ಶಾಫ್ಟುಗಳು ಕೂಡುವಲ್ಲಿ ಆಧಾರವಾಗಿರುವ ಸೆಂಟರ್ ಬೇರಿಂಗ್ ಬಳಿಯ ಕ್ರಾಸಿನಲ್ಲಿ ಕೋನ ಬರೀ 0.1, ಪಿನಿಯನ್ ಬಳಿಯ ಕ್ರಾಸಿನಲ್ಲಿ 3.1. ಕಮಾನು ಇಳಿಸಲು ಪಾಟಾ ಹೊಡೆಯುವಾಗ ಅದರ ಮುಂದಿನ ಅರ್ಧವೂ ಹಿಂದಿನ ಅರ್ಧವೂ ಸಮನಾಗಿ ಬಾಗದೆ, ಅಚ್ಚು ತಿರುಗಿ ಪಿನಿಯನ್ನಿನ ಮೂಗು ಮೇಲೆದ್ದಿತ್ತು. ಗಾಡಿ ತಗ್ಗಿಸುವ ಮೊದಲೇ ಈ ಅಳತೆಗಳನ್ನು ಬರೆದಿಟ್ಟುಕೊಳ್ಳದಿದ್ದುದು ನನ್ನದೇ ತಪ್ಪು.

ಇನ್ನೊಂದು ಸಂಗತಿ ಆಗಲೇ ಕಣ್ಣಿಗೆ ಬಿತ್ತು. ಪಾಟಾ ಇಳಿಸಿದ ಮಿಸ್ತ್ರಿ ಸೆಂಟರ್ ಬೇರಿಂಗಿನ ಬ್ರಾಕೆಟ್ಟಿಗೆ 10 ಮಿ.ಮೀ. ಪ್ಯಾಕಿಂಗ್ ಕೊಟ್ಟು ಅದನ್ನು ಕೆಳಗಿಳಿಸಿದ್ದ. ಕೇಳಿದಾಗ, “ಶಾಫ್ಟ್ ಸೀದಾ ಆಗೇತಲ್ರೀ ಸರ, ಇನ್ನೇನ್ ಬೇಕ್ರೀ?” ಎಂದ. ಶಾಫ್ಟ್ ಎಷ್ಟು ನೆಟ್ಟಗಿದ್ದರೆ ಅಷ್ಟು ಒಳ್ಳೆಯದೆಂಬ ನಂಬಿಕೆ ನಮ್ಮ ಗ್ಯಾರೇಜುಗಳಲ್ಲಿ ಬಲವಾಗಿದೆ, ಅವನನ್ನು ದೂರುವಂತಿಲ್ಲ.

ಪ್ಯಾಕಿಂಗ್ ತೆಗೆದ ಮೇಲೆ ಮುಂದಿನ ಶಾಫ್ಟ್ 3.2ಕ್ಕೆ ಇಳಿದು, ಹಿಂದಿನದು 4.5ಕ್ಕೆ ಏರಿತು. ಉಳಿದದ್ದು ಪಿನಿಯನ್ನಿನ ಮೂಗನ್ನು ತಗ್ಗಿಸುವ ಕೆಲಸ. ಅದಕ್ಕೆ ಪಾಟಾಕ್ಕೂ ಅಚ್ಚಿನ ಸೀಟಿಗೂ ನಡುವೆ ಓರೆಯಾದ ಬೆಣೆ ಬೇಕು. ನನ್ನ ಗಾಡಿಯಲ್ಲಿ ಪಾಟಾ ಅಚ್ಚಿನ ಮೇಲಿರುವುದರಿಂದ ಬೆಣೆಯ ದಪ್ಪ ತುದಿ ಮುಂದಕ್ಕೆ ಬರಬೇಕು; ತಿರುವಿ ಇಟ್ಟರೆ ರೋಗ ದುಪ್ಪಟ್ಟಾಗುತ್ತದೆ. 100 ಮಿ.ಮೀ. ಉದ್ದದ ಉಕ್ಕಿನ ತುಂಡಿಗೆ ನನ್ನ ಮಿಲ್ಲಿಂಗ್ ಯಂತ್ರದಲ್ಲೇ ಹಿಂದೆ 5, ಮುಂದೆ 13 ಮಿ.ಮೀ. ದಪ್ಪ ಬರುವಂತೆ ಓರೆ ಹಾಕಿದೆ. ಅದು ಸುಮಾರು 4.5 ಡಿಗ್ರಿ. ಅಲ್ಯೂಮಿನಿಯಂ ಬೆಣೆ ಭಾರಕ್ಕೆ ನಜ್ಜಿಹೋಗುವುದರಿಂದ ಅದರ ಗೊಡವೆಗೆ ಹೋಗಲಿಲ್ಲ. ಸೆಂಟರ್ ಬೋಲ್ಟನ್ನೂ ಪಾಟಾವನ್ನು ಅಚ್ಚಿಗೆ ಬಿಗಿಯುವ ಯು-ಬೋಲ್ಟುಗಳನ್ನೂ ಉದ್ದದವು ನೋಡಿ ಹೊಸದಾಗಿ ಹಾಕಿದೆ, ಏಕೆಂದರೆ ಒಮ್ಮೆ ಬಿಗಿದು ಹಿಗ್ಗಿದ ಯು-ಬೋಲ್ಟ್ ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ಶಾಫ್ಟ್ ಬಿಚ್ಚುವ ಮೊದಲು ಜಾರುವ ಕೀಲಿನ ಎರಡೂ ಕಡೆ ಬಿಳಿ ಬಣ್ಣದ ಗುರುತು ಹಾಕಿದ್ದರಿಂದ ಯೋಕ್‌ಗಳ ಸಾಲು ತಪ್ಪಲಿಲ್ಲ.

ಬೆಣೆಯ ದಪ್ಪದಿಂದ ಗಾಡಿ ಸುಮಾರು 9 ಮಿ.ಮೀ. ಮರಳಿ ಏರಿತು. ಕೊನೆಯ ಅಳತೆಯಲ್ಲಿ ಹಿಂದಿನ ಶಾಫ್ಟ್ 5.0, ಪಿನಿಯನ್ 2.5, ಕೋನಗಳು 1.8 ಮತ್ತು 2.5. ಇವನ್ನು ಸಮ ಮಾಡದೆ ಪಿನಿಯನ್ನಿನ ಮೂಗನ್ನು ತುಸು ಕೆಳಗೇ ಬಿಟ್ಟದ್ದು ಬೇಕೆಂದೇ. ಎಂಜಿನ್ ಎಳೆಯುವಾಗ ಪಾಟಾ ತಿರುಚಿಕೊಂಡು ಮೂಗು ಮೇಲೇಳುತ್ತದೆ. ಘಾಟಿನಲ್ಲಿ ಹೊರಡುವಾಗಿನ ಅದುರುವಿಕೆಗೆ, ಮೊದಲೇ ಎದ್ದಿದ್ದ ಮೂಗು ಇನ್ನಷ್ಟು ಏಳುತ್ತಿದ್ದುದೇ ಕಾರಣವಾಗಿತ್ತು. ಭಾರ ಹೇರಿಯೂ ಒಮ್ಮೆ ಅಳೆದೆ. ಆಗ ಕೋನಗಳು ಎರಡೂ ಕಿರಿದಾದವು, ಆದರೆ ವ್ಯತ್ಯಾಸ ಒಂದು ಡಿಗ್ರಿ ಮೀರಲಿಲ್ಲ.

ಈಗ 60ರಿಂದ 75ರವರೆಗಿನ ನಡುಕ ಹೋಗಿದೆ, ವಂಟಮೂರಿಯಲ್ಲಿ ಗಾಡಿ ಸದ್ದಿಲ್ಲದೆ ಹೊರಡುತ್ತದೆ. 200 ಕಿ.ಮೀ. ಓಡಿದ ಮೇಲೆ ಯು-ಬೋಲ್ಟುಗಳನ್ನು ಮತ್ತೆ ಬಿಗಿದಾಗ ಎಡಗಡೆಯ ಎರಡು ನಟ್ಟುಗಳು ಕಾಲು ಸುತ್ತು ತಿರುಗಿದವು. ಕಟ್ಟೆಗೂ ಗಾಡಿಗೂ ನಡುವೆ ಉಳಿದ ಆ 9 ಮಿ.ಮೀ.ಗೆ ಒಂದು ತಗಡಿನ ತುಂಡು ಹಾಸಿದ್ದೇನೆ.