ಉಜ್ಜಿದ್ದು ಕಮ್ಮಿ, ತೊಳೆದದ್ದು ಜಾಸ್ತಿ: ಮನೆ ಕಾರಿಗೆ ನಾನೇ ಮಾಡಿದ ಡಿಟೇಲಿಂಗ್

ನಮ್ಮ ಮನೆಯ ಕಾರಿನದು ಕಡು ನೀಲಿ ಬಣ್ಣ. ನೆರಳಲ್ಲಿ ನಿಂತಾಗ ಚೆನ್ನಾಗೇ ಕಾಣುತ್ತಿತ್ತು. ಬಿಸಿಲಿಗೆ ತಂದರೆ ಮಾತ್ರ ಬಾನೆಟ್ ತುಂಬ ಜೇಡರ ಬಲೆಯ ಹಾಗೆ ಸುತ್ತುಗೀರುಗಳು. ಬಾಗಿಲ ಹಿಡಿಕೆಯ ಹಿಂದೆ ಉಗುರಿನ ಗುರುತು, ಹಿಂದಿನ ಬಂಪರ್ ಮೇಲೆ ಸಾಮಾನು ಎಳೆದ ಗೆರೆ, ಅಲಾಯ್ ಚಕ್ರಗಳಲ್ಲಿ ಎಷ್ಟು ತೊಳೆದರೂ ಬಿಡದ ಕಂದು ಕಲೆ. ಮಕ್ಕಳು, ಬ್ಯಾಗು, ಸೈಕಲ್ಲು ಎಲ್ಲವನ್ನೂ ಹೊತ್ತು ತಿರುಗಿದ ಕಾರು, ಇನ್ನೇನು ತಾನೇ ಆಗಬೇಕು? ಎಂಜಿನ್ ಗಟ್ಟಿಯಾಗಿದೆ, ಮಾರುವ ಯೋಚನೆ ಇಲ್ಲ. ಹಾಗಾಗಿ ಡಿಟೇಲಿಂಗ್‌ಗೆ, ಅಂದರೆ ಕಾರನ್ನು ಮೂಲೆ ಮೂಲೆ ತೊಳೆದು, ಪಾಲಿಶ್ ಮಾಡಿ ಹೊಳಪು ತರುವ ಕೆಲಸಕ್ಕೆ, ನಾನೇ ಕೈ ಹಾಕಿದೆ.

ಪಾಲಿಶ್ ಡಬ್ಬಿ ತೆರೆಯುವ ಮೊದಲು ಒಂದು ಲೆಕ್ಕ ಗೊತ್ತಿರಬೇಕು. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಎಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು 35ರಿಂದ 50 ಮೈಕ್ರಾನ್ ಅಷ್ಟೇ. ಪಾಲಿಶ್ ಮಾಡುವುದು ಅಂದರೆ ಗೀರಿನ ತಳ ಸಿಗುವವರೆಗೆ ಅದರ ಸುತ್ತಲಿನ ಕ್ಲಿಯರ್ ಕೋಟನ್ನು ಸವೆಸುವುದು. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಇದೇ ಪದರ. ಒಮ್ಮೆ ಸವೆದರೆ ಅದು ವಾಪಸ್ ಬರುವುದಿಲ್ಲ. ಅದಕ್ಕೇ ತೊಳೆದು ಹೋಗುವುದನ್ನು ಉಜ್ಜಿ ತೆಗೆಯಬಾರದು, ಮೆತ್ತಗಿನ ಪಾಲಿಶ್ ಪ್ಯಾಡಿನಲ್ಲಿ ಹೋಗುವುದಕ್ಕೆ ಗಟ್ಟಿ ಪ್ಯಾಡ್ ಹಿಡಿಯಬಾರದು ಎಂದು ಮೊದಲೇ ಗಟ್ಟಿ ಮಾಡಿಕೊಂಡೆ. ಸ್ನೇಹಿತರೊಬ್ಬರ ಹತ್ತಿರ ಬಣ್ಣದ ದಪ್ಪ ಅಳೆಯುವ ಮೀಟರ್ ಇತ್ತು. ತಂದು ಎಲ್ಲ ಕಡೆ ಇಟ್ಟು ನೋಡಿದೆ. ಒಂದು ಬಾಗಿಲಲ್ಲಿ ಅಳತೆ ಉಳಿದ ಕಡೆಗಿಂತ ಹೆಚ್ಚುಕಡಿಮೆ ದುಪ್ಪಟ್ಟು ಬಂತು. ಅಲ್ಲಿ ಎಂದೋ ಮರುಬಣ್ಣ ಬಿದ್ದಿದೆ ಅಂತ ಅರ್ಥ. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಅಲ್ಲಿ ಈ ಮೀಟರ್ ನಡೆಯುವುದಿಲ್ಲ.

ಕೆಲಸ ಶುರು ಮಾಡಿದ್ದು ಚಕ್ರದಿಂದ. ಅತಿ ಹೆಚ್ಚು ಕೊಳೆ ಇರುವುದೇ ಅಲ್ಲಿ. ಬಾಡಿ ತೊಳೆದ ಮೇಲೆ ಚಕ್ರ ಉಜ್ಜಿದರೆ ಆ ಕೊಳೆಯೆಲ್ಲ ಮತ್ತೆ ಬಾಗಿಲ ಮೇಲೆ ಹಾರುತ್ತದೆ. ಬಕೆಟ್, ಬ್ರಷ್, ಬಟ್ಟೆ ಮೂರೂ ಚಕ್ರಕ್ಕೆ ಬೇರೆಯೇ ಇಟ್ಟುಕೊಂಡೆ. ಆ ಬಟ್ಟೆ ಅಪ್ಪಿತಪ್ಪಿಯೂ ಬಾನೆಟ್ ಹತ್ತಿರ ಸುಳಿಯಬಾರದು.

ಚಕ್ರದ ಕಂದು ಕಲೆ ಬರೀ ಧೂಳಲ್ಲ. ಬ್ರೇಕ್ ಹಾಕಿದಾಗ ಡಿಸ್ಕ್ ಮತ್ತು ಪ್ಯಾಡ್ ಸವೆದು ಬಿಸಿ ಕಬ್ಬಿಣದ ಪುಡಿ ಹಾರುತ್ತದೆ. ಅದು ಚಕ್ರದ ಮೇಲೆ ಕೂತು, ಕಚ್ಚಿಕೊಂಡು, ಅಲ್ಲೇ ತುಕ್ಕು ಹಿಡಿಯುತ್ತದೆ. ಶಾಂಪೂ ಹಾಕಿ ಎಷ್ಟು ಉಜ್ಜಿದರೂ ಬಿಡದಿರುವುದು ಇದಕ್ಕೇ. ಇದಕ್ಕೆ ಬೇಕಾದದ್ದು ಐರನ್ ರಿಮೂವರ್. ಅದರಲ್ಲಿರುವ ಥಯೋಗ್ಲೈಕೊಲೇಟ್ ಎಂಬ ರಾಸಾಯನಿಕ ಕಬ್ಬಿಣದ ಜೊತೆ ಸೇರಿದಾಗ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಚಕ್ರ ಪೂರ್ತಿ ತಣ್ಣಗಾದ ಮೇಲೆ ಸಿಂಪಡಿಸಿದೆ. ಸ್ವಲ್ಪ ಹೊತ್ತಿನಲ್ಲೇ ಕಡ್ಡಿ ಕಡ್ಡಿಯಿಂದ ನೇರಳೆ ನೀರು ಇಳಿಯತೊಡಗಿತು. ನೋಡಲು ಮಜಾ, ವಾಸನೆ ಮಾತ್ರ ಕೊಳೆತ ಮೊಟ್ಟೆಯದು. ಕೈಗೆ ಗ್ಲೌಸ್ ಬೇಕೇ ಬೇಕು. ಒಣಗಲು ಬಿಡದೆ ತೊಳೆದು, ಮೂಲೆಗಳಿಗೆ ಸಣ್ಣ ಬ್ರಷ್ ಹಾಕಿ, ಹಠ ಹಿಡಿದ ಕಡೆ ಇನ್ನೊಮ್ಮೆ ಸಿಂಪಡಿಸಿದೆ. ಆಸಿಡ್ ಇರುವ ವೀಲ್ ಕ್ಲೀನರ್‌ಗಳೂ ಸಿಗುತ್ತವೆ. ನಾನು ಮುಟ್ಟಲಿಲ್ಲ. ಚಕ್ರದ ಮೇಲಿನ ಪಾರದರ್ಶಕ ಲ್ಯಾಕರ್ ಪದರ ಕಿತ್ತುಹೋದ ಜಾಗದಲ್ಲಿ ಅವು ಅಲ್ಯೂಮಿನಿಯಮ್ಮನ್ನೇ ತಿನ್ನುತ್ತವೆ. ಕೆಲವು ಆಸಿಡ್‌ಗಳು ಚರ್ಮಕ್ಕೂ ತುಂಬಾ ಅಪಾಯ.

ಎರಡು ಚಕ್ರಗಳ ಅಂಚು ಫುಟ್‌ಪಾತ್‌ಗೆ ಉಜ್ಜಿ ತರಚಿತ್ತು. ಇದಕ್ಕೆ ಚಕ್ರ ಬಿಚ್ಚಿದೆ. ಸಮತಟ್ಟು ನೆಲ, ಹ್ಯಾಂಡ್‌ಬ್ರೇಕ್, ಎದುರಿನ ಚಕ್ರಕ್ಕೆ ಅಡ್ಡಗಲ್ಲು. ಚಕ್ರ ನೆಲದ ಮೇಲಿದ್ದಾಗಲೇ ನಟ್ ಸಡಿಲಿಸಿ, ಆಮೇಲೆ ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಕೊಟ್ಟೆ. ಬರೀ ಜಾಕ್ ನಂಬಿ ಕೂರಬಾರದು. ತರಚಿದ ಜಾಗದ ಎಣ್ಣೆ ಪಸೆ ತೆಗೆದು, 240 ನಂಬರ್ ಸ್ಯಾಂಡ್‌ಪೇಪರ್‌ನಲ್ಲಿ ಚೂಪು ಅಂಚು ಇಳಿಸಿದೆ. ಆಳದ ಗುಳಿಗೆ ಲೋಹಕ್ಕೆಂದೇ ಬರುವ ಎಪಾಕ್ಸಿ ಪುಟ್ಟಿ ತುಂಬಿದೆ. ಅದು ಗಟ್ಟಿಯಾದ ಮೇಲೆ ಇನ್ನೂ ನಯವಾದ 400 ನಂಬರ್, ನಂತರ 800. ಕಣ್ಣಿಗಿಂತ ಬೆರಳನ್ನು ನಂಬಿ. ಬೆರಳಿಗೆ ಅಂಚು ಸಿಕ್ಕರೆ ಬಣ್ಣ ಹಾಕಿದ ಮೇಲೆ ಕಣ್ಣಿಗೂ ಸಿಗುತ್ತದೆ. ಟಯರ್ ಮತ್ತು ರಿಮ್ ನಡುವೆ ಸುತ್ತಲೂ ದಪ್ಪ ಕಾಗದದ ಕಾರ್ಡುಗಳನ್ನು ಸಿಕ್ಕಿಸಿದರೆ ಟಯರಿಗೆ ಬಣ್ಣ ತಾಗುವುದಿಲ್ಲ. ಟೇಪ್ ಅಂಟಿಸುವ ಗೋಳಿಗಿಂತ ಇದು ಎಷ್ಟೋ ವಾಸಿ. ಪ್ರೈಮರ್, ಬೆಳ್ಳಿ ಬಣ್ಣ, ಲ್ಯಾಕರ್ ಎಲ್ಲವನ್ನೂ ತೆಳುವಾಗಿ, ನಡುವೆ ಒಣಗಲು ಬಿಟ್ಟು ಹೊಡೆದೆ. ದಪ್ಪಗೆ ಹೊಡೆದರೆ ಸೋರುತ್ತದೆ.

ಈ ಉಪಾಯ ಎಲ್ಲ ಚಕ್ರಕ್ಕೂ ಆಗುವುದಿಲ್ಲ. ಮುಖದ ಮೇಲೆ ಸಣ್ಣ ಸಣ್ಣ ಗೆರೆ ಇರುವ ಡೈಮಂಡ್ ಕಟ್ ಅಲಾಯ್ ಆದರೆ ಅದನ್ನು ತಿರುಗಿಸಿ ಕೆತ್ತುವ ಲೇತ್ ಯಂತ್ರದ ಮೇಲೆ ಹಾಕಿಯೇ ಸರಿ ಮಾಡಬೇಕು. ಬಿರುಕು ಬಿಟ್ಟ ಚಕ್ರಕ್ಕೆ ಪುಟ್ಟಿ ಮೆತ್ತುವುದಂತೂ ಜೀವದ ಜೊತೆ ಆಟ.

ಇನ್ನು ಬಾಡಿ. ಮೊದಲು ಬರೀ ನೀರು, ಮೇಲಿಂದ ಕೆಳಕ್ಕೆ. ಮರಳು ಧೂಳು ಎಷ್ಟು ಸಾಧ್ಯವೋ ಅಷ್ಟು ಕೈ ತಾಗದೆಯೇ ಹೋಗಲಿ ಅಂತ. ಆಮೇಲೆ ಎರಡು ಬಕೆಟ್. ಒಂದರಲ್ಲಿ ಪಿಎಚ್ ನ್ಯೂಟ್ರಲ್ (ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ) ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಒಂದು ಭಾಗ ತೊಳೆದ ಕೂಡಲೇ ತೊಳೆಯಲು ಕೈಗೆ ಹಾಕಿಕೊಂಡ ಮೆತ್ತಗಿನ ಬಟ್ಟೆ ಗ್ಲೌಸನ್ನು ಬರೀ ನೀರಿನಲ್ಲಿ ಅಲುಬಿ, ಆಮೇಲೆ ಶಾಂಪೂಗೆ ಅದ್ದುವುದು. ಸುತ್ತುಗೀರುಗಳು ಬೀಳುವುದೇ ಕೊಳೆ ಹಿಡಿದ ಸ್ಪಂಜನ್ನು ಮತ್ತೆ ಮತ್ತೆ ತಿಕ್ಕುವುದರಿಂದ, ದಿನ ಬೆಳಗಾದರೆ ಒಣ ಬಟ್ಟೆಯಲ್ಲಿ ಧೂಳು ಒರೆಸುವುದರಿಂದ. ಒಣ ಧೂಳು ಒರೆಸುವುದಕ್ಕಿಂತ ಕಾರು ಕೊಳಕಾಗಿಯೇ ಇರುವುದು ಮೇಲು.

ತೊಳೆದ ಮೇಲೆ ಕೈಗೆ ಒಂದು ತೆಳು ಪ್ಲಾಸ್ಟಿಕ್ ಚೀಲ ಹಾಕಿ ಬಾನೆಟ್ ಮೇಲೆ ಸವರಿದೆ. ಬರಿಗೈಗೆ ನುಣುಪು ಅನ್ನಿಸಿದ್ದು ಚೀಲದೊಳಗಿಂದ ತರಿತರಿ ಅನ್ನಿಸಿತು. ಬಣ್ಣಕ್ಕೂ ಕಬ್ಬಿಣದ ಪುಡಿ ಕಚ್ಚಿರುತ್ತದೆ, ಟಾರು ಸಿಡಿದಿರುತ್ತದೆ. ಅದೇ ಐರನ್ ರಿಮೂವರ್ ಇಲ್ಲೂ ಹೊಡೆದೆ. ಟಾರಿನ ಚುಕ್ಕೆಗೆ ಟಾರ್ ರಿಮೂವರ್. ಕೊನೆಗೆ ಕ್ಲೇ ಬಾರ್, ಅಂದರೆ ಬಣ್ಣಕ್ಕೆ ಕಚ್ಚಿದ ಕಣಗಳನ್ನು ಎತ್ತಿಕೊಳ್ಳುವ ಜೇಡಿಯಂಥ ಮೆತ್ತಗಿನ ತುಂಡು. ಧಾರಾಳವಾಗಿ ಲೂಬ್ರಿಕೆಂಟ್ ಸಿಂಪಡಿಸಿ, ಒತ್ತದೆ, ಹಗುರವಾಗಿ ಜಾರಿಸಬೇಕು. ಮೊದಲು ಕರಕರ ಸದ್ದು, ಆಮೇಲೆ ಸದ್ದೇ ಇಲ್ಲ. ಮುಖ ಕೊಳೆಯಾದಾಗ ಮಡಚಿ ಹೊಸ ಮುಖ ತೆಗೆಯಬೇಕು. ನೆಲಕ್ಕೆ ಬಿದ್ದರೆ ಮತ್ತೆ ಬಳಸಬೇಡಿ, ನೇರ ಕಸಕ್ಕೆ. ಬಣ್ಣಕ್ಕೆ ಗೀರು ಬೀಳಲು ಅದರಲ್ಲಿ ಸಿಕ್ಕ ಒಂದು ಮರಳ ಕಣ ಸಾಕು. ನೀರಿನ ಬಿಳಿ ಕಲೆಗಳು ಬಹುಮಟ್ಟಿಗೆ ಸುಣ್ಣದ ಅಂಶ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಒತ್ತಿಟ್ಟಾಗ ತುಂಬಾ ಕಲೆ ಕರಗಿದವು. ಆಮೇಲೆ ಚೆನ್ನಾಗಿ ತೊಳೆದೆ. ಹಕ್ಕಿ ಹಿಕ್ಕೆ ಕೊರೆದ ಗುರುತುಗಳು ಹಾಗೇ ಉಳಿದವು. ಅವು ಕ್ಲಿಯರ್ ಕೋಟ್ ಒಳಗೇ ಇಳಿದಿರುತ್ತವೆ.

ಇಷ್ಟಾದ ಮೇಲೆ ಅರ್ಧ ಕಾರು ಆಗಲೇ ಹೊಸದರ ಹಾಗೆ ಕಾಣುತ್ತಿತ್ತು. ಇನ್ನೂ ಪಾಲಿಶ್ ಮುಟ್ಟಿಯೇ ಇರಲಿಲ್ಲ, ನೋಡಿ.

ಯಂತ್ರ ಬೇಕೆಂದರೆ ಡ್ಯುಯಲ್ ಆ್ಯಕ್ಷನ್ ಪಾಲಿಶರ್ ತೆಗೆದುಕೊಳ್ಳಿ. ಇದರ ಪ್ಯಾಡ್ ತಿರುಗುತ್ತಲೇ ಓಲಾಡುತ್ತದೆ. ಹಾಗಾಗಿ ಒಂದೇ ಜಾಗಕ್ಕೆ ಬಿಸಿ ಏರುವುದು ಕಮ್ಮಿ. ಪ್ಯಾಡ್ ಬರೀ ಗಿರಗಿರ ತಿರುಗುವ ರೋಟರಿ ಪಾಲಿಶರ್ ಬೇಗ ಕೆಲಸ ಮಾಡುತ್ತದೆ, ಬಣ್ಣವನ್ನೂ ಅಷ್ಟೇ ಬೇಗ ಸುಡುತ್ತದೆ. ಪ್ಲಾಸ್ಟಿಕ್ ಪಟ್ಟಿ, ರಬ್ಬರ್, ಲಾಂಛನ, ಚೂಪು ಏಣುಗಳಿಗೆ ಟೇಪ್ ಅಂಟಿಸಿದೆ. ಏಣುಗಳ ಮೇಲೆ ಬಣ್ಣ ತೀರಾ ತೆಳು. ಬಾನೆಟ್‌ನ ಒಂದು ಮೂಲೆಯಲ್ಲಿ ಅತಿ ಮೆತ್ತಗಿನ ಜೋಡಿಯಿಂದ ಪರೀಕ್ಷೆ ಶುರು: ಫಿನಿಶಿಂಗ್ ಪ್ಯಾಡ್, ನಯವಾದ ಪಾಲಿಶ್. ಗೀರು ಹೋಗಲಿಲ್ಲ. ಪ್ಯಾಡ್ ಒಂದು ಹಂತ ಗಟ್ಟಿ ಮಾಡಿದಾಗ ಸುಮಾರಾಗಿ ಹೋಯಿತು. ಅಲ್ಲಿಗೇ ನಿಲ್ಲಿಸಿದೆ, ಪಾಲಿಶ್‌ಗಿಂತ ಒರಟಾದ ಕಾಂಪೌಂಡಿನ ಡಬ್ಬಿ ತೆರೆಯಲೇ ಇಲ್ಲ.

ಒಂದು ಸಲಕ್ಕೆ ಸುಮಾರು 50 ಸೆಂಟಿಮೀಟರ್ ಚೌಕ. ಪ್ಯಾಡ್ ಮೇಲೆ ಬಟಾಣಿ ಗಾತ್ರದ ನಾಲ್ಕೈದು ಹನಿ. ಕಮ್ಮಿ ವೇಗದಲ್ಲಿ ಹರಡಿ, ಆಮೇಲೆ ವೇಗ ಏರಿಸಿ, ಒಮ್ಮೆ ಅಡ್ಡ ಒಮ್ಮೆ ಉದ್ದ, ನಿಧಾನಕ್ಕೆ. ಪ್ಯಾಡ್ ಹಿಡಿಯುವ ತಟ್ಟೆಯ ಅಂಚಿಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿದ್ದೆ. ಗೆರೆ ತಿರುಗುವುದು ನಿಂತರೆ ನಾನು ಜಾಸ್ತಿ ಒತ್ತುತ್ತಿದ್ದೇನೆ ಎಂದು ಗೊತ್ತಾಗುತ್ತದೆ. ಪ್ರತಿ ಚೌಕ ಮುಗಿದಾಗ ಪ್ಯಾಡನ್ನು ಬ್ರಷ್‌ನಿಂದ ಕೆದರಿ ಸ್ವಚ್ಛ ಮಾಡಿದೆ. ಪ್ಯಾಡ್ ಮೇಲೆ ಕಾರಿನ ಬಣ್ಣವೇ ಬರುತ್ತಿದ್ದರೆ ತಕ್ಷಣ ನಿಲ್ಲಿಸಿ. ಹಳೆಯ ಕಾಲದ ಕ್ಲಿಯರ್ ಕೋಟ್ ಇಲ್ಲದ ಬಣ್ಣವಾದರೆ ಹಾಗೆ ಬರುವುದು ಸಹಜ. ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಬಂದರೆ ಆ ಪದರ ಮುಗಿದಿದೆ ಅಂತ.

ಪಾಲಿಶ್‌ನಲ್ಲಿರುವ ಎಣ್ಣೆ ಗೀರುಗಳನ್ನು ತುಂಬಿ ಮುಚ್ಚಿಡುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ನೀರು ಬೆರೆಸಿ ಒರೆಸಿದ ಮೇಲೆ, ಪಕ್ಕದಿಂದ ಟಾರ್ಚ್ ಹಿಡಿದು ನೋಡಿದರೇ ನಿಜ ಗೊತ್ತಾಗುವುದು. ಉಗುರು ಆಡಿಸಿದಾಗ ಎಲ್ಲಿ ತಡೆಯುತ್ತದೋ ಆ ಗೀರು ಪಾಲಿಶ್‌ನಿಂದ ಹೋಗುವಂಥದ್ದಲ್ಲ. ಬಂಪರಿನ ಗೆರೆ ಅಂಥದ್ದೇ. ಅದಕ್ಕೆ ಕಾರಿನ ಬಣ್ಣದ ಕೋಡ್ ನೋಡಿ ತಂದ ಟಚ್ ಅಪ್ ಬಣ್ಣವನ್ನು ಸಣ್ಣ ಕಡ್ಡಿಯಿಂದ ತೆಳುತೆಳುವಾಗಿ ತುಂಬಿದೆ. ಹತ್ತಿರ ಬಂದು ಬಗ್ಗಿ ನೋಡಿದರೆ ಕಾಣುತ್ತದೆ. ಬಂಪರನ್ನು ಬಗ್ಗಿ ನೋಡುವವರು ಯಾರು!

ಮೇಲಿನ ರಕ್ಷಣೆಗೆ ಸಿಂಥೆಟಿಕ್ ಸೀಲೆಂಟ್ (ಬಣ್ಣದ ಮೇಲೆ ಹಚ್ಚುವ ಕೃತಕ ರಕ್ಷಣಾ ಲೇಪ) ಸಾಕು ಅನ್ನಿಸಿತು. ಕಾರ್ನೌಬಾ ವ್ಯಾಕ್ಸ್ (ಒಂದು ಜಾತಿಯ ತಾಳೆ ಎಲೆಯ ಮೇಣ) ಕೊಡುವ ಹೊಳಪು ನನಗೆ ಇಷ್ಟವೇ, ಆದರೆ ಬಿಸಿಲು ಮಳೆಯಲ್ಲಿ ನಿಲ್ಲುವ ಕಾರಿನ ಮೇಲೆ ಅದು ಬೇಗ ಹೋಗುತ್ತದೆ. ಬಣ್ಣದ ಮೇಲೆ ಗಟ್ಟಿಯಾಗಿ ಕೂರುವ ಸೆರಾಮಿಕ್ ಕೋಟಿಂಗ್ ವರ್ಷಗಟ್ಟಲೆ ಬಾಳುತ್ತದೆ ನಿಜ. ಅದರ ಕೆಳಗೆ ಉಳಿದ ಗೀರೂ ಅಷ್ಟೇ ಕಾಲ ಬಾಳುತ್ತದೆ. ಧೂಳಿಲ್ಲದ ಮುಚ್ಚಿದ ಜಾಗವಿಲ್ಲದೆ ಅದಕ್ಕೆ ಕೈ ಹಾಕುವುದು ಬೇಡ ಅಂತ ಬಿಟ್ಟೆ. ಚಕ್ರಗಳಿಗೂ ಅದೇ ಸೀಲೆಂಟ್ ಹಚ್ಚಿದೆ, ಒಳಮೈಗೂ. ಈಗ ಬ್ರೇಕ್ ಪುಡಿ ಬರೀ ಶಾಂಪೂಗೇ ಬಿಡುತ್ತಿದೆ. ಟಯರಿನ ಬದಿಗೆ ನೀರು ಆಧಾರಿತ ಡ್ರೆಸ್ಸಿಂಗ್ ಮಾತ್ರ, ರಸ್ತೆಗೆ ತಾಗುವ ಭಾಗಕ್ಕೂ ಬ್ರೇಕ್ ಡಿಸ್ಕ್‌ಗೂ ಒಂದು ಹನಿಯೂ ಬೀಳಬಾರದು.

ಚಕ್ರ ಹಾಕುವಾಗ ನಟ್‌ಗಳನ್ನು ಎದುರುಬದುರಾಗಿ ಬಿಗಿದು, ಕಾರು ಇಳಿಸಿದ ಮೇಲೆ ಮ್ಯಾನುಯಲ್‌ನಲ್ಲಿ ಕೊಟ್ಟ ಟಾರ್ಕ್‌ಗೆ (ನಟ್ ತಿರುಗಿಸುವ ಬಲದ ಅಳತೆಗೆ) ಸರಿಯಾಗಿ ಟಾರ್ಕ್ ರೆಂಚ್‌ನಲ್ಲಿ ಕೊನೆಯ ಬಿಗಿ ಕೊಟ್ಟೆ. ಸ್ವಲ್ಪ ಓಡಿಸಿ ಮತ್ತೊಮ್ಮೆ ನೋಡಿದೆ. ತೊಳೆದ ಡಿಸ್ಕ್ ಒದ್ದೆ ಇರುತ್ತದೆ, ಹಾಗಾಗಿ ಹೊರಡುವಾಗ ಮೆಲ್ಲಗೆ ನಾಲ್ಕಾರು ಸಲ ಬ್ರೇಕ್ ಒತ್ತಿ ಒಣಗಿಸಿಕೊಂಡೆ. ಉಳಿದಿರುವುದು ಛಾವಣಿಯ ಒಂದು ಮೂಲೆ. ಅಲ್ಲಿ ಕ್ಲಿಯರ್ ಕೋಟ್ ಬಿಳಿಚಿ ಸಿಪ್ಪೆ ಏಳುತ್ತಿದೆ. ಅದಕ್ಕೆ ಪಾಲಿಶ್ ಕೆಲಸ ಮಾಡುವುದಿಲ್ಲ. ಪೇಂಟರ್ ಹತ್ತಿರವೇ ಹೋಗಬೇಕು.